ಎರಡು ಕಾರ್ಬುರೇಟರ್‌ಗಳ ಉಸಿರು

ನನ್ನ ಗಂಡನಿಗೆ ಕಿವಿ ಮಂದವಾಗುತ್ತಿದೆ ಎಂದು ನನಗೆ ಮೊದಲು ಹೇಳಿದ್ದು ಕುಕ್ಕರು. ತೊಂಬತ್ತರ ದಶಕದ ನಡುವಿನ ಮಾತು. ದೋಹಾದ ಮದೀನತ್ ಖಲೀಫಾದಲ್ಲಿ ಒಂದು ವಿಲ್ಲಾದ ಹಿಂಭಾಗದ ಎರಡು ಕೋಣೆಗಳಲ್ಲಿ ನಮ್ಮ ಸಂಸಾರ. ಮಗಳು ಇನ್ನೂ ಹುಟ್ಟಿರಲಿಲ್ಲ. ಒಂದು ಶುಕ್ರವಾರ, ಅಲ್ಲಿಯ ವಾರದ ರಜೆಯ ದಿನ, ಬೇಳೆ ಬೇಯಲಿಟ್ಟು, “ಮೂರು ಸೀಟಿ ಆದಮ್ಯಾಲೆ ಆರಸ್ರಿ” ಎಂದು ಇವರಿಗೆ ಹೇಳಿ ಸ್ನಾನಕ್ಕೆ ಹೋದೆ. ಬಚ್ಚಲಲ್ಲಿ ನಿಂತು ನಾನು ಎಣಿಸಿದ ಸೀಟಿಗಳು ಒಂಬತ್ತು. ತಲೆಗೆ ಸುತ್ತಿದ ಟವೆಲ್ಲಿನಲ್ಲೇ ಹೊರಗೆ ಓಡಿ ಬಂದರೆ ಮಹಾಶಯರು ಒಲೆಯಿಂದ ಮೂರಡಿ ದೂರದಲ್ಲಿ ಸ್ಟೂಲಿನ ಮೇಲೆ ಕೂತು ಕಾರಿನ ರಿಪೇರಿ ಪುಸ್ತಕ ಓದುತ್ತಿದ್ದರು. ಬೇಳೆ ತಳ ಹಿಡಿದು ಕರಿಕಾಗಿತ್ತು.

“ಏನ್ರೀ, ಕಿವಿ ಎಲ್ಲೆ ಅಡ ಇಟ್ಟು ಬಂದೀರಿ?” ಅಂದೆ.

“ಇನ್ನಾ ಒಂದೂ ಸೀಟಿ ಆಗಿಲ್ಲಲ್ಲ” ಅಂದರು. ನೆಪ ಹೇಳುವವರ ಮುಖ ನನಗೆ ಗೊತ್ತು. ಅದು ನೆಪದ ಮುಖವಾಗಿರಲಿಲ್ಲ. ನಿಜವಾಗಿಯೂ ಆಶ್ಚರ್ಯಪಟ್ಟಿದ್ದರು.

ಆಮೇಲೆ ನಾನು ಗಮನಿಸತೊಡಗಿದೆ. ರಸ್ತೆಯಲ್ಲಿ ನೀರಿನ ಟ್ಯಾಂಕರ್ ಬಂದರೆ ನನಗಿಂತ ಮೊದಲು ಇವರಿಗೆ ಗೊತ್ತಾಗುತ್ತಿತ್ತು. ಆದರೆ ಬಾಗಿಲ ಗಂಟೆ, ಅಲಾರಾಂ, ನನ್ನ ಬಳೆಗಳ ಸದ್ದು, ಇಂಥ ಸಣ್ಣ, ಚೂಪು ದನಿಗಳೆಲ್ಲ ಇವರ ಪಾಲಿಗೆ ಇಲ್ಲವಾಗಿದ್ದವು. ಅಲ್ ಖೋರ್ ಆಚೆಯ ಗ್ಯಾಸ್ ಪ್ಲಾಂಟಿನಲ್ಲಿ ಇವರ ಕೆಲಸ. ದಿನವೂ ನಸುಕಿನಲ್ಲಿ ಕಂಪನಿ ಬಸ್ಸು ಹತ್ತಿ ಹೋಗಿ, ಮನೆಯಷ್ಟು ದೊಡ್ಡ ಕಂಪ್ರೆಸರುಗಳ ನಡುವೆ ನಿಲ್ಲುವುದು. ಕಿವಿಗೆ ಹಾಕಿಕೊಳ್ಳಲು ಕಂಪನಿ ದಪ್ಪನೆಯ ಮುಚ್ಚಳ ಕೊಟ್ಟಿತ್ತು. ಇವರು ಅದನ್ನು ತೆಗೆದು ಕೊರಳಿಗೆ ನೇತುಹಾಕಿಕೊಳ್ಳುತ್ತಿದ್ದರು. “ಮಷೀನಿನ ಹೊಟ್ಯಾಗ ಏನ್ ನಡದದ ಅಂತ ತಿಳೀಬೇಕಂದ್ರ ಅದರ ಮಾತು ಕೇಳಬೇಕು” ಎಂಬುದು ಇವರ ಸಿದ್ಧಾಂತ. ಬೇರಿಂಗ್ ಹೋಗುವ ಎರಡು ದಿನ ಮೊದಲೇ ಸದ್ದು ಕೇಳಿ ಹೇಳುತ್ತಾರೆಂದು ಮೇಲಧಿಕಾರಿಗಳಿಂದ ಬೆನ್ನು ತಟ್ಟಿಸಿಕೊಂಡಿದ್ದರು. ಹುಬ್ಬಳ್ಳಿಯ ವರ್ಕ್‌ಶಾಪಿನಿಂದ ಹಿಡಿದು ಹದಿನೈದು ವರ್ಷ ಹಾಗೆ ಮಷೀನುಗಳ ಮಾತು ಕೇಳಿ ಕೇಳಿಯೇ ಕಿವಿ ಕಳೆದುಕೊಂಡರು.

ಒಂದು ಸಲ ಬಾಯಿಬಿಟ್ಟು ಹೇಳಿದೆ, ಡಾಕ್ಟರಿಗೆ ತೋರಿಸೋಣ ಎಂದು. “ನನ್ನ ಕಿವಿಗೆ ಏನ್ ಧಾಡಿ ಆಗೇದ? ನಿನ್ನ ದನಿನೇ ಸಣ್ಣ ಆಗೇದ” ಎಂದು ಎದ್ದು ಹೋದರು. ನಾಲ್ಕು ದಿನ ಮನೆಯಲ್ಲಿ ಮಾತಿಲ್ಲ. ಐದನೆಯ ದಿನ ನಾನೇ ಸೋತು, ತಮಾಷೆಗೆಂದು, ಚಹಾ ಕೊಡುತ್ತ ಮೆಲ್ಲಗೆ, “ನಿಮಗ ಹೇಳೋದಂದ್ರ ಕೋಣನ ಮುಂದ ಕಿನ್ನರಿ ಬಾರಿಸಿಧಂಗ” ಅಂದೆ. ಇವರು ಮುಗುಳ್ನಕ್ಕು, “ಹೂಂ, ಸಕ್ರಿ ಬರೋಬ್ಬರಿ ಅದ” ಅಂದರು. ನನ್ನ ತುಟಿಯ ನಗು ಕಂಡು ಚಹಾದ ಬಗ್ಗೆ ಕೇಳಿದೆನೆಂದುಕೊಂಡಿದ್ದರು. ಒಳಗೆ ಹೋಗಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ. ಆಮೇಲೆ ಆ ಗಾದೆಯನ್ನು ನಾನು ಯಾರಿಗೂ ಹೇಳಿಲ್ಲ.

ಇನ್ನು ಕಾರಿನ ವಿಷಯ. ಅಲ್ ಗರಾಫಾದಲ್ಲಿ ಒಬ್ಬ ಇಂಗ್ಲಿಷ್ ಸರ್ವೇಯರ್ ದೇಶ ಬಿಟ್ಟು ಹೋಗುವಾಗ ಕಾಂಪೌಂಡಿನ ಮೂಲೆಯಲ್ಲಿ ಬಟ್ಟೆ ಮುಚ್ಚಿ ಬಿಟ್ಟು ಹೋದ ಹಳೆಯ ಇಂಗ್ಲೆಂಡಿನ ಕಾರು ಅದು. ಕಂಪನಿಯ ಹೆಸರು ಹೇಳುವುದಿಲ್ಲ; ಆ ಹೆಸರಿನ ಅಭಿಮಾನಿಗಳು ಇವರಂಥವರೇ, ಒಮ್ಮೆ ಹಿಡಿದರೆ ಬಿಡುವುದಿಲ್ಲ. ನಾಲ್ಕು ಟೈರೂ ನೆಲ ಕಚ್ಚಿದ್ದವು. ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿತ್ತು. ಒಂದು ಕಾಲಕ್ಕೆ ಕರಿಬೇವಿನ ಹಸಿರು ಬಣ್ಣವಿದ್ದಿರಬೇಕು, ಬಿಸಿಲಿಗೆ ಒಣಗಿಸಿದ ಕರಿಬೇವಿನಂತೆ ಆಗಿತ್ತು. ಇವರು ಅದನ್ನು ಎಳೆಸಿಕೊಂಡು ಬಂದು ನಮ್ಮ ಅಂಗಳದ ತಗಡಿನ ನೆರಳಿನಲ್ಲಿ ನಿಲ್ಲಿಸಿದಾಗ ನಾನು ಅದಕ್ಕೆ ‘ದೊರೆಸಾನಿ’ ಎಂದು ಹೆಸರಿಟ್ಟೆ. ರಾಜ್ಯ ಹೋಗಿದ್ದರೂ ಮೂಗಿನ ಕೊಂಕು ಹೋಗಿರಲಿಲ್ಲ ಅದಕ್ಕೆ.

ಎರಡು ಚಳಿಗಾಲದ ಶುಕ್ರವಾರಗಳನ್ನೆಲ್ಲ ದೊರೆಸಾನಿ ತಿಂದು ಹಾಕಿದಳು. ಬೇಸಿಗೆಯಲ್ಲಿ ಅಂಗಳಕ್ಕೆ ಕಾಲಿಡುವಂತಿರಲಿಲ್ಲ, ಸ್ಪ್ಯಾನರ್ ಮುಟ್ಟಿದರೆ ಕೈ ಸುಡುತ್ತಿತ್ತು. ಬೇಸಿಗೆಯಲ್ಲಿ ಭಾಗಗಳು ಮನೆಯೊಳಗೆ ಬರುತ್ತಿದ್ದವು. ಡೈನಮೋ ಊಟದ ಮೇಜಿನ ಮೇಲೆ, ಗೇರುಗಳು ನನ್ನ ಇಡ್ಲಿ ಪಾತ್ರೆಯಲ್ಲಿ. ಜಗಳವಾಡಿದೆ, ಆದರೆ ಸೀಟಿನ ಹೊಲಿಗೆ ನಾನೇ ವಹಿಸಿಕೊಂಡೆ. ಹಳೆಯ ಚರ್ಮವನ್ನು ಬಿಚ್ಚಿ, ಅದನ್ನೇ ಅಳತೆಗಿಟ್ಟು ಹೊಸ ರೆಕ್ಸಿನ್ ಕತ್ತರಿಸಿ ಹೊಲಿದೆ. ಮುರಿದ ಸೂಜಿಗಳ ಲೆಕ್ಕ ಬೇಡ. ಬೋಲ್ಟುಗಳಿಗೆ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತ್ ಇಟ್ಟಿದ್ದ ಮಂಗಳೂರಿನ ಕಡೆಯವರೊಬ್ಬರ ಹತ್ತಿರ ಹೋಗುತ್ತಿದ್ದೆವು. “ಇದೆಂಥದು ಮಾರಾಯ್ರೆ, ಇಂಚಿನ ಹಲ್ಲಿನ ಬೋಲ್ಟ್! ಇಲ್ಲಿ ಎಲ್ಲ ಮಿಲಿಮೀಟರ್ ಅಲ್ವಾ? ಇದು ಅಂಗಡಿಯಲ್ಲಿ ಮಾಫಿ, ಸಿಗುದೇ ಇಲ್ಲ. ನಾನೇ ಕಡೆದು ಕೊಡ್ಬೇಕಷ್ಟೆ” ಎಂದು ಗೊಣಗುತ್ತಲೇ ಅವರು ಒಂದೊಂದಾಗಿ ಮಾಡಿಕೊಡುತ್ತಿದ್ದರು.

ಎರಡನೆಯ ಚಳಿಗಾಲದ ಕೊನೆಗೆ ಎಂಜಿನ್ ಶುರುವಾಯಿತು. ಕೆಮ್ಮಿತು, ಹೊಗೆ ಕಾರಿತು, ನಿಂತಿತು, ಮತ್ತೆ ಶುರುವಾಯಿತು. ಇವರು ಬಾನೆಟ್ಟಿನ ಮೇಲೆ ಎರಡೂ ಕೈ ಊರಿ ನಿಂತಿದ್ದರು. ಅಂಗೈಯಿಂದ ಅದರ ನಡುಕ ಕುಡಿಯುತ್ತಿದ್ದಂತೆ ಕಂಡಿತು. ಮದುವೆಯಾದಾಗಿನಿಂದ ಇವರನ್ನು ಅಷ್ಟು ಸಂತೋಷದಲ್ಲಿ ನಾನು ನೋಡಿರಲಿಲ್ಲ, ಮದುವೆಯ ದಿನವನ್ನೂ ಸೇರಿಸಿ.

ಉಳಿದದ್ದು ಒಂದೇ ಕೆಲಸ. ಆ ಕಾರಿಗೆ ಎರಡು ಕಾರ್ಬುರೇಟರು. ಪೆಟ್ರೋಲು ಮತ್ತು ಗಾಳಿ ಬೆರೆಸಿ ಎಂಜಿನ್ನಿಗೆ ಕುಡಿಸುವ ಎರಡು ಬಾಯಿ ಎಂದುಕೊಳ್ಳಿ. ಎರಡೂ ಸಮನಾಗಿ ಉಸಿರೆಳೆದುಕೊಳ್ಳಬೇಕು. ಒಂದು ತಪ್ಪಿದರೂ ಆ ಕಡೆಯ ಸಿಲಿಂಡರಿಗೆ ಪೆಟ್ರೋಲು ಸಾಲದೆ, ಮಿತಿ ಮೀರಿ ಕಾದು, ಒಳಗಿನ ವಾಲ್ವ್ ಸುಟ್ಟುಹೋಗುತ್ತದೆ. ಸಮ ಮಾಡುವುದಕ್ಕೆ ಆ ಕಾಲದವರ ಉಪಾಯ ಬಹಳ ಸರಳ: ಮೊಳ ಉದ್ದದ ರಬ್ಬರ್ ಪೈಪಿನ ಒಂದು ತುದಿಯನ್ನು ಕಾರ್ಬುರೇಟರಿನ ಬಾಯಿಗೆ, ಇನ್ನೊಂದನ್ನು ಕಿವಿಗೆ ಹಿಡಿಯುವುದು. ಸುಸ್ ಎನ್ನುವ ಸಣ್ಣ ಸದ್ದು ಬರುತ್ತದೆ. ಎರಡೂ ಕಡೆಯ ಸುಸ್ ಒಂದೇ ಆಗುವವರೆಗೆ ಸ್ಕ್ರೂ ತಿರುಗಿಸಬೇಕು.

ಸಣ್ಣ ಸದ್ದು ಎಂದೆನಲ್ಲ. ಇವರಿಗೆ ಕೇಳಿಸದೆ ಹೋಗಿದ್ದ ಸದ್ದುಗಳ ಸಾಲಿಗೇ ಸೇರಿದ್ದು ಅದು.

ನನಗೆ ಮಾತ್ರ ಅದು ಎರಡು ಮಾರು ದೂರದಿಂದಲೂ ಕೇಳಿಸುತ್ತಿತ್ತು. ಧಾರವಾಡದಲ್ಲಿ ಹುಡುಗಿಯಾಗಿದ್ದಾಗ ಆರು ವರ್ಷ ಸಂಗೀತಕ್ಕೆ ಹೋಗಿದ್ದೆ. ನನ್ನ ಗುರುಗಳು, “ನಿನಗ ದನಿ ಇಲ್ಲ ತಂಗಿ, ಆದ್ರ ಕಿವಿ ಅದ” ಎಂದು ನನ್ನನ್ನು ತಂಬೂರಿ ಹಿಡಿಸಿ ಹಾಡುವವರ ಹಿಂದೆ ಕೂಡಿಸಿಬಿಟ್ಟರು. ತಂಬೂರಿಯ ನಡುವಿನ ಎರಡು ತಂತಿ ಒಂದೇ ಷಡ್ಜಕ್ಕೆ ಕೂಡಬೇಕು. ಕೂದಲೆಳೆಯಷ್ಟು ತಪ್ಪಿದರೂ ಗುರುಗಳು ಹಾಡು ನಿಲ್ಲಿಸಿ ತಿರುಗಿ ನೋಡುತ್ತಿದ್ದರು. ಹಾಗೆ ತಯಾರಾದ ಕಿವಿ ಇದು. ಮುಂದಿನ ಕಾರ್ಬುರೇಟರು ಸಿಟ್ಟಿನ ಬೆಕ್ಕಿನಂತೆ ಬುಸುಗುಡುತ್ತಿತ್ತು, ಹಿಂದಿನದು ಗುಟ್ಟು ಹೇಳುತ್ತಿತ್ತು. ಎಂಥ ದಡ್ಡರಿಗೂ ತಿಳಿಯುವಷ್ಟು ವ್ಯತ್ಯಾಸ.

ಇವರು ಮಂಡಿಯೂರಿ ಕೂತು ಪೈಪನ್ನು ಕಿವಿಗಿಟ್ಟುಕೊಂಡರು. ಕಣ್ಣು ಮುಚ್ಚಿದರು. ಸ್ಕ್ರೂ ತಿರುಗಿಸಿದರು. ಮತ್ತೊಂದಕ್ಕೆ ಹಿಡಿದರು. ಬೆವರು ಹನಿಯುತ್ತಿತ್ತು. ಅರ್ಧ ಗಂಟೆಯಾದ ಮೇಲೆ ಕತ್ತೆತ್ತಿ, “ಈಗ ಕೂಡಿತಲ್ಲ?” ಎಂದರು. ಆಗ ನನಗೆ ಹೊಳೆಯಿತು, ಇವರು ಪೈಪಿನ ಸದ್ದು ಕೇಳುತ್ತಲೇ ಇಲ್ಲ, ನನ್ನ ಮುಖ ಓದುತ್ತಿದ್ದಾರೆ. ನಾನು ‘ಇಲ್ಲ’ ಅಂದರೆ ಆ ಮುಖದ ಬೆಳಕು ಆರಿಹೋಗುತ್ತಿತ್ತು. ಇಲ್ಲ ಅನ್ನುವುದೆಂದರೆ ನಿಮ್ಮ ಕಿವಿ ಹೋಗಿದೆ ಅನ್ನುವುದು. ನಾಲ್ಕು ದಿನದ ಮೌನ ನನಗೆ ಸಾಕಾಗಿತ್ತು.

“ಕೂಡಿತು. ಛಲೋ ಆತು” ಅಂದೆ.

ಪ್ರೀತಿಯಿಂದ ಹೇಳಿದೆ ಎಂದು ಆಗ ಅಂದುಕೊಂಡಿದ್ದೆ. ಪ್ರೀತಿ ಅರ್ಧ, ಪುಕ್ಕಲುತನ ಅರ್ಧ.

ಮುಂದಿನ ಶುಕ್ರವಾರ ದೊರೆಸಾನಿಯ ಸವಾರಿ ಹೊರಟಿತು. ಅಲ್ ಖೋರಿನ ತನಕ ಹೋಗಿ ಸಮುದ್ರದ ದಂಡೆಯಲ್ಲಿ ಚಪಾತಿ ತಿಂದು ಬರುವುದು ನಮ್ಮ ಯೋಜನೆ. ದಿನವೂ ಬಸ್ಸಿನಲ್ಲಿ ತೂಕಡಿಸುತ್ತ ಹೋಗುವ ದಾರಿಯಲ್ಲಿ ಇವರು ಆವತ್ತು ರಾಜನಂತೆ ಸ್ಟಿಯರಿಂಗ್ ಹಿಡಿದಿದ್ದರು. ಪಕ್ಕದಲ್ಲಿ ಹಾದುಹೋಗುವ ಲ್ಯಾಂಡ್ ಕ್ರೂಸರಿನವರು ಹಾರ್ನ್ ಹೊಡೆದು ಕೈ ಬೀಸುತ್ತಿದ್ದರು. ಇವರಿಗೆ ಹಾರ್ನ್ ಕೇಳಿಸುತ್ತಿತ್ತು, ಕೈ ಬೀಸುತ್ತಿದ್ದರು. ನನಗೆ ಹಾರ್ನಿನ ಕೆಳಗೆ ಇನ್ನೊಂದು ಸದ್ದು ಕೇಳಿಸುತ್ತಿತ್ತು, ಬರಬರುತ್ತ ಒಣಗುತ್ತಿದ್ದ ಎಂಜಿನ್ನಿನದು. ಹೇಳಲೇ ಎಂದು ಎರಡು ಸಲ ಬಾಯಿ ತೆರೆದೆ. ಆಮೇಲೆ ಹೇಳಿದರಾಯಿತು ಎಂದು ಮುಚ್ಚಿದೆ.

ಅರ್ಧ ದಾರಿ ದಾಟುತ್ತಲೇ ಕಾರು ಕುಂಟತೊಡಗಿತು. ನಾಲ್ಕು ಕಾಲಿನ ಪ್ರಾಣಿ ಮೂರು ಕಾಲಲ್ಲಿ ನಡೆದಂತೆ. ಇವರು ರಸ್ತೆಯ ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿದರು. ನೀರು ಸಾಗಿಸುವ ಪಿಕಪ್ಪಿನ ಪಠಾಣನೊಬ್ಬ ನಿಲ್ಲಿಸಿ ಇಣುಕಿದ, ಒಂದು ಕ್ಷಣ ಕಿವಿಗೊಟ್ಟ, “ವಾಲ್ವ್ ಖಲಾಸ್, ಸಾಬ್” ಎಂದ. ಪಟ್ಟಣಕ್ಕೆ ಹೋಗಿ ಹಗ್ಗ ತರುತ್ತೇನೆಂದು ಹೊರಟುಹೋದ.

ನಾವಿಬ್ಬರೂ ಕಾರಿನ ನೆರಳಿನಲ್ಲಿ ಮರಳಿನ ಮೇಲೆ ಕೂತೆವು. ಸುತ್ತ ಏನೂ ಇರಲಿಲ್ಲ. ಇವರು ತಲೆ ತಗ್ಗಿಸಿ ಉಗುರಿನ ಗ್ರೀಸನ್ನು ಕೆರೆಯುತ್ತಿದ್ದರು. “ಎರಡೂ ಸಮ ಮಾಡಿದ್ನಲ್ಲ. ಎಲ್ಲೆ ತಪ್ಪಿತು?” ಎಂದು ತಮ್ಮಷ್ಟಕ್ಕೇ ಕೇಳಿಕೊಂಡರು. ನನಗೆ ತಡೆಯಲಾಗಲಿಲ್ಲ. ಅವರಿಗೆ ಕೇಳಿಸಬೇಕೆಂದು ಗಟ್ಟಿಯಾಗಿ, ಆ ಬಯಲಿನಲ್ಲಿ ಹೆಚ್ಚುಕಡಿಮೆ ಕೂಗಿಯೇ ಹೇಳಿದೆ.

“ಸಮ ಆಗಿದ್ದಿಲ್ಲ. ನನಗ ಕೇಳಸ್ತಿತ್ತು. ನಾ ಸುಳ್ಳು ಹೇಳಿದೆ.”

ಇವರು ನನ್ನ ಕಡೆ ನೋಡಿದರು. “ಅಂದ್ರ ನನಗ ಕೇಳಸಂಗಿಲ್ಲ ಅಂತ ನಿನಗ ಗೊತ್ತಿತ್ತು.”

“ಗೊತ್ತಿತ್ತು.”

“ಯಾವಾಗಿಂದ?”

“ಬ್ಯಾಳಿ ಹೊತ್ತಿದಾಗಿಂದ.”

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ತಮಗೂ ಗೊತ್ತಿತ್ತು ಎನ್ನುವುದನ್ನು ತಾವಾಗಿಯೇ ಒಪ್ಪಿಕೊಂಡರು: ಪ್ಲಾಂಟಿನಲ್ಲಿ ಯಾರಾದರೂ ಕರೆದರೆ ಬಾಯಿ ನೋಡಿ ಊಹಿಸುವುದು, ತಿಳಿಯದಿದ್ದರೆ ನಗುವುದು, ಎಲ್ಲದಕ್ಕೂ ಯೆಸ್ ಯೆಸ್ ಎಂದು ತಲೆಯಾಡಿಸುವುದು. ಯಾರಿಗಾದರೂ ಗೊತ್ತಾದರೆ ‘ಕಿವುಡ ಮೆಕ್ಯಾನಿಕ್’ ಎಂದು ಮೂಲೆಗೆ ಕೂಡಿಸುತ್ತಾರೆಂಬ ಹೆದರಿಕೆ. ಆಮೇಲೆ ಒಂದು ಮಾತು ಹೇಳಿದರು. ಇಷ್ಟು ವರ್ಷವಾದರೂ ಅದು ನನ್ನ ಎದೆಯಲ್ಲಿ ಹಾಗೇ ಇದೆ.

“ವಾಲ್ವ್ ಹೋದ್ರ ಹೋಗ್ಲಿ ಬಿಡು. ಮಂದಿ ಎಲ್ಲಾ ಏನ್ ಹೇಳ್ತಾರ ನನಗ ತಿಳಿಯೂದಿಲ್ಲ. ನೀನೂ ಸುಳ್ಳು ಹೇಳಿದ್ರ ನಾ ಯಾರನ್ನ ಕೇಳ್ಲಿ?”

ಚಪಾತಿ ಡಬ್ಬಿ ತೆಗೆಯಲೇ ಇಲ್ಲ. ಕಾರನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂದು ತಗಡಿನ ಕೆಳಗೆ ನಿಲ್ಲಿಸಿದ್ದಾಯಿತು. ಇವರು ಅದರ ಮೇಲೆ ಬಟ್ಟೆ ಹೊದಿಸಿದರು. ಆ ಬೇಸಿಗೆಯೆಲ್ಲ ಅದನ್ನು ತೆಗೆಯಲಿಲ್ಲ. ರಿಪೇರಿ ಪುಸ್ತಕ ಕಪಾಟು ಸೇರಿತು. ಊಟದ ಮೇಜು ಚೊಕ್ಕಟವಾಯಿತು, ಇಡ್ಲಿ ಪಾತ್ರೆ ಬರೀ ಇಡ್ಲಿಗೆ ಆಯಿತು. ಎಷ್ಟು ಸಲ ಬಯ್ದಿದ್ದೆ ಆ ಗೇರುಗಳನ್ನು! ಈಗ ಅವು ಇಲ್ಲದ ಅಡಿಗೆಮನೆ ನನಗೆ ಬೇಡವಾಗಿತ್ತು. ಶುಕ್ರವಾರಗಳಂದು ಇವರು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ಕಾರು ಹೋದರೆ ಹೋಗಲಿ, ಇವರು ಹೀಗೇ ಸುಮ್ಮನಾಗಿಬಿಟ್ಟರೆ ಏನು ಮಾಡಲಿ ಎಂದು ನನಗೆ ದಿಗಿಲಾಗುತ್ತಿತ್ತು. ನಾನು ಅಂದಿನಿಂದ ಒಂದು ನೇಮ ಇಟ್ಟುಕೊಂಡೆ. ಏನು ಕೇಳಿದರೂ ಇದ್ದದ್ದು ಇದ್ದಂತೆ ಹೇಳುವುದು. “ಈ ಅಂಗಿ ಒಪ್ಪತದೇನು?” ಎಂದು ಕೇಳಿದರೆ, “ಇಲ್ಲ, ಹೊಟ್ಟಿ ಕಾಣಸ್ತದ” ಎನ್ನುತ್ತಿದ್ದೆ.

ಬೇಸಿಗೆ ಮುಗಿಯುವ ಕಾಲಕ್ಕೆ ಒಂದು ಶುಕ್ರವಾರ ಬೆಳಿಗ್ಗೆ ಅಂಗಳದಲ್ಲಿ ಸ್ಪ್ಯಾನರಿನ ಸದ್ದು ಕೇಳಿಸಿತು. ಬಟ್ಟೆ ತೆಗೆದಿದ್ದರು. ಎಂಜಿನ್ನಿನ ತಲೆ ಬಿಚ್ಚಿ ಮಂಗಳೂರಿನವರ ಲೇತಿಗೆ ಒಯ್ದು ಹೊಸ ವಾಲ್ವ್ ಕೂರಿಸಿಕೊಂಡು ಬಂದರು. ಅದಕ್ಕೆ ಮೂರು ವಾರ ಹಿಡಿಯಿತು. ನಾಲ್ಕನೆಯ ವಾರ ಕೈಯಲ್ಲಿ ಏನನ್ನೋ ಮುಚ್ಚಿ ಹಿಡಿದು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ಡಾಕ್ಟರು ಎದೆ ನೋಡುವ ಕೊಳವೆಯಂಥದು. ಕಿವಿಗೆ ಹಾಕುವ ಭಾಗ ಮಾತ್ರ ಡಾಕ್ಟರರದು. ಕೆಳಗೆ ಒಂದರ ಬದಲು ಎರಡು ಬೇರೆ ಬೇರೆ ರಬ್ಬರ್ ಪೈಪು. ಎಡಗಿವಿಗೆ ಮುಂದಿನ ಕಾರ್ಬುರೇಟರು, ಬಲಗಿವಿಗೆ ಹಿಂದಿನದು. ಎರಡನ್ನೂ ಒಟ್ಟಿಗೇ ಕೇಳಬಹುದು. ನನ್ನ ತಲೆಯ ಅಳತೆಗೆ ತಂತಿ ಬಗ್ಗಿಸಿದ್ದರು. ನಾನು ಮಲಗಿದ್ದಾಗ ದಾರದಿಂದ ಅಳೆದಿದ್ದರಂತೆ.

“ಯಲ್ಲಾ, ಬಾ ಕೂಡು” ಎಂದು ಅರಬರಂತೆ ಅವಸರಪಡಿಸಿದರು.

ಹಿಟ್ಟಿನ ಕೈ ತೊಳೆದುಕೊಂಡು ಹೋಗಿ ಗೋಣಿಚೀಲದ ಮೇಲೆ ಕೂತೆ. ಎಂಜಿನ್ನಿನ ಗದ್ದಲದಲ್ಲಿ ಇವರಿಗೆ ನನ್ನ ಮಾತು ಕೇಳುವುದಿಲ್ಲ. ಅದಕ್ಕೆ ಒಂದು ಸಂಜ್ಞೆ ಮಾಡಿಕೊಂಡೆವು. ಇವರ ಹೆಗಲ ಮೇಲೆ ನನ್ನ ಕೈ. ಒಂದು ಬೆರಳು ತಟ್ಟಿದರೆ ಮುಂದಿನದು, ಎರಡು ಬೆರಳು ತಟ್ಟಿದರೆ ಹಿಂದಿನದು. ಒತ್ತಿದರೆ ಹೆಚ್ಚಿಸಿ, ಸವರಿದರೆ ತಗ್ಗಿಸಿ. ಇವರು ಸ್ಕ್ರೂ ತಿರುಗಿಸಿದರು. ನಾನು ತಟ್ಟಿದೆ, ಒತ್ತಿದೆ, ಸವರಿದೆ. ಎರಡು ಸುಸ್ ಎರಡು ಕಿವಿಯಿಂದ ಹತ್ತಿರ ಬರುತ್ತ ಬರುತ್ತ ನನ್ನ ತಲೆಯ ನಟ್ಟನಡುವೆ ಕೂಡಿ ಒಂದೇ ಉಸಿರಾಗುವುದರಲ್ಲಿದ್ದವು. ಇನ್ನೊಂದು ಕೂದಲೆಳೆ ಬೇಕಿತ್ತು. ಒತ್ತಿದೆ. ಕೂಡಿತು. ಇವರ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಇವರು ತಿರುಗಿ ನನ್ನ ಮುಖ ನೋಡಿ ಗಾಬರಿಯಾದರು. “ಅಳ್ಲಿಕ್ಕೆ ಯಾಕ ಹತ್ತೀ? ಕೂಡಲಿಲ್ಲೇನು?”

“ಕೂಡಿತು!” ಎಂದು ಕೂಗಿದೆ.

“ಖರೇ ಹೇಳ್ಲಿಕತ್ತೀ?”

“ನಿಮ್ಮ ಆಣೆಗೂ ಖರೇ!”

ಒಂದು ನಿಮಿಷ ಅನುಮಾನದಿಂದ ನೋಡಿದರು. ಆಮೇಲೆ ನಂಬಿದರು. ಆ ನಂಬಿಕೆ ನನಗೆ ವಾಪಸು ಸಿಕ್ಕಿದ್ದು ಆ ಗೋಣಿಚೀಲದ ಮೇಲೆಯೇ.

ಆ ಚಳಿಗಾಲದಲ್ಲಿ ಅಲ್ ಖೋರಿಗೆ ನಾಲ್ಕು ಸಲ ಹೋಗಿ ಬಂದೆವು, ಚಪಾತಿ ತಿಂದೆವು. ಆದರೆ ಮನೆಯೊಳಗೆ ಒಪ್ಪಿಕೊಂಡದ್ದನ್ನು ಇವರು ಹೊರಗೆ ಒಪ್ಪಿಕೊಂಡಿರಲಿಲ್ಲ. ಹಳೆಯ ಇಂಗ್ಲಿಷ್ ಕಾರುಗಳ ಹುಚ್ಚಿರುವ ಒಂದಷ್ಟು ಜನ ಚಳಿಗಾಲದ ಶುಕ್ರವಾರಗಳಂದು ಒಂದು ಬಯಲಿನಲ್ಲಿ ಸೇರುತ್ತಿದ್ದರು. ಬಾನೆಟ್ ತೆರೆದಿಟ್ಟು ಒಬ್ಬರದನ್ನು ಒಬ್ಬರು ನೋಡುವುದು, ಚಹಾ ಕುಡಿಯುವುದು, ಅಷ್ಟೆ. ಅಲ್ಲಿ ಯಾರಾದರೂ ಎಂಜಿನ್ನಿನ ಹದ ಕೇಳಿ, ಒಳ್ಳೆಯ ಕಿವಿ ಇದೆ ನಿಮಗೆ ಎಂದರೆ ಇವರು ನಕ್ಕು ಯೆಸ್ ಯೆಸ್ ಎನ್ನುತ್ತಿದ್ದರು. ನಾನು ಹಿಂದೆ ಥರ್ಮಾಸ್ ಹಿಡಿದು ನಿಂತಿರುತ್ತಿದ್ದೆ. ಬೇಸರವಾಗುತ್ತಿರಲಿಲ್ಲ ಎಂದರೆ ಅದು ಸುಳ್ಳಾಗುತ್ತದೆ. ಆದರೆ ನನಗೆ ಹೊಗಳಿಕೆ ತಪ್ಪಿದ್ದಕ್ಕಿಂತ ಆ ಯೆಸ್ ಯೆಸ್ ಹೆಚ್ಚು ಚುಚ್ಚುತ್ತಿತ್ತು. ಏನು ಹೇಳಿದರೆಂದು ತಿಳಿಯದೆಯೇ ತಲೆಯಾಡಿಸುವ ಮನುಷ್ಯ ಎಷ್ಟು ಒಂಟಿ ಎಂದು ನನಗೊಬ್ಬಳಿಗೇ ಗೊತ್ತಿತ್ತು.

ಋತುವಿನ ಕೊನೆಯ ಶುಕ್ರವಾರ. ಬಿಳಿ ಟೋಪಿಯ ಒಬ್ಬ ಮುದುಕ ಇಂಗ್ಲಿಷಿನವನು ನಮ್ಮ ಕಾರಿನ ಮುಂದೆ ಬಹಳ ಹೊತ್ತು ಬಗ್ಗಿ ನಿಂತಿದ್ದ. ಎಂಜಿನ್ ಓಡುತ್ತಿತ್ತು. ಆಮೇಲೆ ಎದ್ದು, ಮೆಲುದನಿಯಲ್ಲಿ ಇವರನ್ನು ಏನೋ ಕೇಳಿದ. ನನಗೆ ಕೇಳಿಸಿತು: “ಇದನ್ನು ಹದ ಮಾಡಿದವರು ಯಾರು?” ಎಂದು.

ಇವರು ನಕ್ಕರು. ತಲೆಯಾಡಿಸಲು ಶುರು ಮಾಡಿದರು. ಯೆಸ್ ಎನ್ನಲು ಬಾಯಿಯೂ ತೆರೆಯಿತು. ಮುದುಕನ ಹುಬ್ಬು ಗಂಟಾಯಿತು. ಪ್ರಶ್ನೆಗೂ ತಲೆಯಾಡಿಸುವುದಕ್ಕೂ ಸಂಬಂಧವಿಲ್ಲವಲ್ಲ. ನಾನು ಮುಂದೆ ಹೋಗಿ ಉತ್ತರ ಹೇಳಬಹುದಿತ್ತು. ಥರ್ಮಾಸನ್ನು ಬಿಗಿಯಾಗಿ ಹಿಡಿದು ನಿಂತಲ್ಲೇ ನಿಂತೆ.

ಇವರ ತಲೆ ಅರ್ಧದಲ್ಲಿ ನಿಂತಿತು. ಕಿವಿಯ ಹಿಂದೆ ಅಂಗೈ ಹಿಡಿದು, ಆ ಜನರೆಲ್ಲರ ನಡುವೆ, ತಮ್ಮ ಹುಬ್ಬಳ್ಳಿ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದರು: “ಕ್ಷಮಿಸಿ, ನನಗೆ ಕೇಳಿಸಲಿಲ್ಲ. ನನ್ನ ಕಿವಿ ಸರಿಯಿಲ್ಲ. ಇನ್ನೊಮ್ಮೆ, ಜೋರಾಗಿ ಹೇಳಿ.”

ಮುದುಕನಿಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ. ಹತ್ತಿರ ಬಂದು ಜೋರಾಗಿ ಮತ್ತೆ ಕೇಳಿದ. ಈ ಸಲ ಇವರಿಗೆ ಪೂರ್ತಿ ಕೇಳಿಸಿತು. ಇವರು ತಿರುಗಿ, ನನ್ನ ಕೈಯಿಂದ ಥರ್ಮಾಸ್ ತೆಗೆದುಕೊಂಡು ಅವನಿಗೆ ನನ್ನನ್ನು ತೋರಿಸಿದರು.